ಕಾರ್ಡಿನ ಮಿತಿ ಗ್ರಾಹಕರ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಸಂತೆಯಲ್ಲಿ ನಮ್ಮ ತಾಯಿಯವರ ಡೆಬಿಟ್ ಕಾರ್ಡ್ ಕಳೆದುಹೋಯಿತು. ನಾವು ಬ್ಯಾಂಕಿಗೆ ತಿಳಿಸುವಷ್ಟರಲ್ಲಿ ಯಾರೋ ಅದನ್ನು ಯಂತ್ರಕ್ಕೆ ತಾಗಿಸಿ, ಪಿನ್ ಒತ್ತದೆಯೇ ಎರಡು ಬಾರಿ ಖರೀದಿ ಮಾಡಿದ್ದರು. 2021ರ ಜನವರಿಯಿಂದ ಹೀಗೆ ತಾಗಿಸಿ ಮಾಡುವ ಒಂದು ಪಾವತಿಗೆ 5,000 ರೂಪಾಯಿವರೆಗೂ ಪಿನ್ ಬೇಕಿಲ್ಲವೆಂಬುದು ತಾಯಿಯವರಿಗೆ ಗೊತ್ತೇ ಇರಲಿಲ್ಲ. ಈ ಸೌಲಭ್ಯವನ್ನೂ, ಆನ್‌ಲೈನ್ ಹಾಗೂ ವಿದೇಶಿ ಬಳಕೆಯನ್ನೂ ಗ್ರಾಹಕರೇ ಬಂದ್ ಮಾಡಲು, ಮಿತಿ ತಗ್ಗಿಸಲು ಅವಕಾಶವಿರಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲೇ ಆದೇಶಿಸಿದ್ದರೂ, ಶಾಖೆಯಲ್ಲಿ ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ್ಯಪ್ ಬಳಸಲು ಬಾರದ ಹಿರಿಯರನ್ನು ಎದುರು ಕೂರಿಸಿಕೊಂಡು ಸಿಬ್ಬಂದಿಯೇ ಇದನ್ನು ಮಾಡಿಕೊಡಬೇಕು. ಹಣ ಹೋದ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೂ ಕರೆ ಮಾಡಬೇಕೆಂಬುದನ್ನು ಪಾಸ್‌ಬುಕ್ಕಿನ ರಟ್ಟಿನ ಮೇಲೆಯೇ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸಲಿ.

– ಓರ್ವ ಗ್ರಾಹಕಿ, ತಿಪಟೂರು