ಏಳು ವರ್ಷದ ‘ಅತಿಥಿ’

ಮಾನ್ಯರೇ,

ಸರ್ಕಾರಿ ಶಾಲೆಗಳಲ್ಲಿ ಕಾಯಂ ಶಿಕ್ಷಕರ ಜಾಗವನ್ನು ವರ್ಷ ವರ್ಷವೂ ಅತಿಥಿ ಶಿಕ್ಷಕರಿಂದಲೇ ತುಂಬಿಸುವುದು ಮಾಮೂಲಿಯಾಗಿದೆ. ನಮ್ಮೂರ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಡಂ ಏಳು ವರ್ಷದಿಂದ ‘ಅತಿಥಿ’! ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲ, ಹೊಲಿಗೆ ಮೆಷಿನ್ನೇ ಗತಿ. ಜೂನ್‌ನಲ್ಲಿ ಮತ್ತೆ ಅರ್ಜಿ. ಕಳೆದ ವರ್ಷ ಆದೇಶ ತಡವಾಗಿ, ಮಕ್ಕಳು ಮೂರು ವಾರ ಗಣಿತದ ಪುಸ್ತಕವನ್ನೇ ತೆರೆಯಲಿಲ್ಲ.

2022ರಲ್ಲಿ 6ರಿಂದ 8ನೇ ತರಗತಿಗೆ 15,000 ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಬಂತು. ಅದೂ ಕೋರ್ಟು ಮೆಟ್ಟಿಲೇರಿ ಎಳೆದಾಡಿತು. ಬಿ.ಇಡಿ., ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮುಗಿಸಿದವರ ವಯಸ್ಸು ಸುಮ್ನೆ ಕಾಯುತ್ತದೆಯೇ? ಯಾರು ಯಾವಾಗ ನಿವೃತ್ತರಾಗುತ್ತಾರೆ ಎಂಬುದು ಇಲಾಖೆಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ? ಆ ಲೆಕ್ಕ ಹಿಡಿದು ಪ್ರತಿವರ್ಷ ನೇಮಕಾತಿ ನಡೆಸಲಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರ ಆದೇಶವನ್ನು ಮೇ ತಿಂಗಳಲ್ಲೇ ಕೊಡಲಿ.

– ಒಬ್ಬ ಪೋಷಕ, ಸಿಂಧನೂರು