ಟೀಚರ್ ಕೈಗೆ ಬಂದೂಕು ಬೇಡ: ಟೆಕ್ಸಸ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಗ್ರೆಗ್ ಅಬಾಟ್ ಅವರೇ,

ನಮಸ್ಕಾರ. ನಾನು ಡಲ್ಲಾಸ್ ಹತ್ತಿರ ಇರುವ ಕನ್ನಡದವಳು, ಇಲ್ಲಿನ ಸರ್ಕಾರಿ ಶಾಲೆಗೆ ಹೋಗುವ ಮಕ್ಕಳ ತಾಯಿ. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

2023ರಲ್ಲಿ ನೀವು ಸಹಿ ಹಾಕಿದ ಹೌಸ್ ಬಿಲ್ 3 ಎಂಬ ಕಾನೂನಿನ ಪ್ರಕಾರ ಟೆಕ್ಸಸ್‌ನ ಪ್ರತಿ ಸರ್ಕಾರಿ ಶಾಲೆಯಲ್ಲೂ ಬಂದೂಕು ಇರುವ ಒಬ್ಬ ಅಧಿಕಾರಿ ಇರಬೇಕು. ಅದಕ್ಕೆ ನನ್ನ ವಿರೋಧ ಇಲ್ಲ. 2024ರಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆದಾಗ ಟೀಚರುಗಳು ತಮ್ಮ ಬ್ಯಾಡ್ಜಿನಲ್ಲಿದ್ದ ತುರ್ತು ಕರೆಯ ಬಟನ್ ಒತ್ತಿದರು, ಶಾಲೆಯ ಪೊಲೀಸರು ಕೆಲವೇ ನಿಮಿಷದಲ್ಲಿ ಎದುರು ನಿಂತಾಗ ಗುಂಡು ಹಾರಿಸಿದ ಹುಡುಗ ಶರಣಾದ. ಅಷ್ಟರಲ್ಲಿ ನಾಲ್ವರು ಸತ್ತಿದ್ದರು. ಆ ಪೊಲೀಸರು ಇಲ್ಲದಿದ್ದರೆ ಇನ್ನೂ ಜಾಸ್ತಿ ಸಾವಾಗುತ್ತಿತ್ತು ಅಂತಲೇ ನಾನು ನಂಬುತ್ತೇನೆ.

ನನ್ನ ತಕರಾರು ಇರುವುದು ಆ ಕಾನೂನಿನೊಳಗಿನ ವಿನಾಯಿತಿ ಬಗ್ಗೆ. ದುಡ್ಡಿಲ್ಲ, ಜನ ಸಿಗುತ್ತಿಲ್ಲ ಎಂದು ಶಾಲಾ ಮಂಡಳಿ ಹೇಳಿದರೆ ಅಧಿಕಾರಿಯ ಬದಲು ಟೀಚರೇ ಬಂದೂಕು ಇಟ್ಟುಕೊಳ್ಳಬಹುದು. ಆಗ ಸರ್ಕಾರ ವರ್ಷಕ್ಕೆ ಕೊಟ್ಟಿದ್ದು ಶಾಲೆಗೆ 15,000 ಡಾಲರ್, ಜೊತೆಗೆ ಮಗುವಿಗೆ 10 ಡಾಲರ್. ಅಷ್ಟಕ್ಕೆ ಪೂರ್ತಿ ಹೊತ್ತಿನ ಪೊಲೀಸ್ ಎಲ್ಲಿ ಸಿಗುತ್ತಾರೆ? ಎಷ್ಟೋ ಕಡೆ ವಿನಾಯಿತಿಯನ್ನೇ ಹಿಡಿದುಕೊಂಡರು.

2022ರ ಮೇ 24ರಂದು ನಮ್ಮ ಟೆಕ್ಸಸ್‌ನದೇ ಯುವಾಲ್ಡಿ ಊರಿನ ರಾಬ್ ಎಲಿಮೆಂಟರಿ ಶಾಲೆಯಲ್ಲಿ ಗುಂಡಿನ ದಾಳಿಯಾದಾಗ ಬಂದ ಪೊಲೀಸರು ಒಟ್ಟು 376 ಜನ, ಆದರೂ ಕೊಲೆಗಾರನನ್ನು ಮುಗಿಸಲು 77 ನಿಮಿಷ ಬೇಕಾಯಿತು, 19 ಮಕ್ಕಳು, ಇಬ್ಬರು ಟೀಚರುಗಳು ಪ್ರಾಣ ಕಳೆದುಕೊಂಡರು. ನೂರಾರು ಗಂಟೆ ತರಬೇತಿ ಪಡೆದವರೇ ಕಾರಿಡಾರಿನಲ್ಲಿ ನಿಂತುಬಿಟ್ಟರು. ಹಾಗಿರುವಾಗ 80 ಗಂಟೆಯ ಸ್ಕೂಲ್ ಮಾರ್ಷಲ್ (ಶಾಲೆಯಲ್ಲಿ ಬಂದೂಕು ಇಟ್ಟುಕೊಳ್ಳಲು ಅನುಮತಿ ಇರುವ ಸಿಬ್ಬಂದಿ) ತರಬೇತಿ ಪಡೆದ ಮೂರನೇ ಕ್ಲಾಸಿನ ಟೀಚರ್ ಏನು ಮಾಡಬೇಕು ಅಂತ ನಿಮ್ಮ ನಿರೀಕ್ಷೆ? ಅವರ ಕೆಲಸ ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸುವುದು. ಅವರು ಬಂದೂಕು ಹಿಡಿದು ಹೊರಗೆ ಓಡಿದರೆ ಆ ಪುಟ್ಟ ಮಕ್ಕಳ ಜೊತೆ ಯಾರಿರುತ್ತಾರೆ? ಒಳಗೆ ನುಗ್ಗುವ ಪೊಲೀಸರಿಗೆ ಅವರು ಟೀಚರ್ ಅಂತ ಹೇಗೆ ಗೊತ್ತಾಗುತ್ತೆ?

ಇನ್ನೊಂದು ವಿಷಯ. ಯುವಾಲ್ಡಿಯ ಆ ಶಾಲೆಯಲ್ಲಿ, ಕೊಲೆ ನಡೆದ 111ನೇ ಕೋಣೆಯ ಬೀಗ ಸರಿಯಾಗಿ ಬೀಳುತ್ತಿರಲಿಲ್ಲ, ಅದು ಶಾಲೆಯವರಿಗೆ ಮೊದಲೇ ಗೊತ್ತಿತ್ತು ಎಂದು ನಿಮ್ಮದೇ ಶಾಸನಸಭೆಯ ಸಮಿತಿ ವರದಿ ಹೇಳಿದೆ. ಒಂದು ಬೀಗ ರಿಪೇರಿ ಮಾಡಿಸಲು ಆಗದ ಕಡೆ ಟೀಚರ್ ಸೊಂಟಕ್ಕೆ ಪಿಸ್ತೂಲು ಸಿಗಿಸುವುದು ನನಗೆ ಅರ್ಥವಾಗುತ್ತಿಲ್ಲ.

ಆ ಕೊಲೆಗಾರ 18 ತುಂಬಿದ ಕೂಡಲೇ ಕಾನೂನಿನ ಪ್ರಕಾರವೇ ರೈಫಲ್ ಕೊಂಡಿದ್ದ. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ಆಗಬೇಕು, ರೈಫಲ್‌ಗೆ 18 ಸಾಕು! ಅಂಥ ರೈಫಲ್‌ಗೂ 21 ಮಾಡಿ ಎಂದು ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ರಾಜಧಾನಿ ಆಸ್ಟಿನ್‌ಗೆ ಬಂದು ಗಂಟೆಗಟ್ಟಲೆ ಕಾದು ಮಾತಾಡಿದರು. ಆ ಮಸೂದೆ 2023ರಲ್ಲಿ ಸಮಿತಿ ದಾಟಿತು, ಸದನದಲ್ಲಿ ಮತಕ್ಕೇ ಬರಲಿಲ್ಲ.

2025ರಲ್ಲಿ ಶಾಲೆಯ ಭದ್ರತೆಗೆ ಹಣ ಹೆಚ್ಚಿಸಿದ್ದೀರಿ, ಒಳ್ಳೆಯದಾಯಿತು. ಹಾಗಾದರೆ ಟೀಚರುಗಳ ವಿನಾಯಿತಿಯನ್ನು ಈಗ ತೆಗೆಯಿರಿ. ಪುಟ್ಟ ಊರಿನ ಶಾಲೆಗೂ ಯೂನಿಫಾರ್ಮ್ ಹಾಕಿದ ಪೊಲೀಸರ ಸಂಬಳ ರಾಜ್ಯವೇ ಕೊಡಲಿ. ಮುಂದಿನ ಅಧಿವೇಶನದಲ್ಲಿ 21ರ ಮಸೂದೆಯನ್ನು ಮತಕ್ಕೆ ತರಿಸಿ. ಯಾರು ಯಾವ ಕಡೆ ಕೈ ಎತ್ತಿದರು ಅಂತ ನಾವು ನೋಡಬೇಕು, ನಮ್ಮಲ್ಲಿ ಎಷ್ಟೋ ಮನೆಯವರು ಈಗ ಇಲ್ಲಿ ಮತ ಹಾಕುತ್ತೇವೆ.

ಇಂತಿ,
ಡಲ್ಲಾಸ್ ಕಡೆಯ ಒಬ್ಬ ತಾಯಿ