ಅಪ್ಪನ ಸೊಂಟದಲ್ಲಿದ್ದ ಪಿಸ್ತೂಲು

ಪ್ರೀತಿಯ ಗೆಳೆಯಾ,

ಅಗ್ಗದ ಪಿಸ್ತೂಲು ತಗೊಳ್ಳಬಹುದಾ ಅಂತ ಕೇಳಿದ ನಿನ್ನ ಮೆಸೇಜ್ ಬಂದು ಎಂಟು ದಿನವಾಯಿತು. ನಮ್ಮ ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಇದು ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯವೂ ಅಲ್ಲ. ಹೊರದೇಶದಲ್ಲಿರುವ ನಮ್ಮೂರ ಹುಡುಗರು ಆಗಾಗ ಇದನ್ನೇ ಕೇಳುತ್ತಾರೆ. ಅದಕ್ಕೇ ನಿನ್ನ ಒಪ್ಪಿಗೆ ಕೇಳಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಗ್ರೀನ್ ಕಾರ್ಡ್ ಬಂದದ್ದು ತುಂಬಾ ಸಂತೋಷ. ಅದು ಬರುವ ತನಕ ಪಿಸ್ತೂಲಿನ ಮಾತು ಎತ್ತದೆ ಕಾದೆಯಲ್ಲ, ಒಳ್ಳೆಯದು ಮಾಡಿದೆ. ಕೆಲಸದ ವೀಸಾದಲ್ಲಿ ಇರುವವರಿಗೆ ಅಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ನಮ್ಮ ಕೊಡಗಿನ ವಿನಾಯಿತಿ ಟೆಕ್ಸಾಸ್‌ಗೆ ಬರುವುದಿಲ್ಲ, ಮಾರಾಯ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಅಪ್ಪ ಸೈನ್ಯದಲ್ಲಿ ಸೊಂಟಕ್ಕೆ ಕಟ್ಟುತ್ತಿದ್ದಂಥದ್ದೇ ಪಿಸ್ತೂಲು ಬೇಕು ಅಂದೆ. ಅಂಗಡಿಯಲ್ಲಿ ಎರಡು ತೋರಿಸಿದ್ದಾರೆ. ಒಂದು ಟರ್ಕಿಯ ಗಿರ್ಸಾನ್, ಸುಮಾರು 500 ಡಾಲರ್. ಇನ್ನೊಂದು ಬೆಲ್ಜಿಯಂನ ಎಫ್‌ಎನ್ ಕಂಪನಿಯದು, 1,200ರ ಮೇಲೆ. ಇಷ್ಟು ಕಡಿಮೆಗೆ ಸಿಗುವುದು ಅಷ್ಟೇ ಚೆನ್ನಾಗಿರುತ್ತದಾ ಅಂತ ಕೇಳಿದೆ.

ಅಪ್ಪ ಕಟ್ಟುತ್ತಿದ್ದದ್ದು 1ಎ ಅನ್ನುವ 9 ಎಂಎಂ ಪಿಸ್ತೂಲು. ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ಆದದ್ದು. ನಾನು ಆರ್ಮರರ್ (ಸೈನ್ಯದ ಆಯುಧ ರಿಪೇರಿ ಮಾಡುವವ) ಆಗಿದ್ದಷ್ಟು ವರ್ಷವೂ ಅದನ್ನೇ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಜೋಡಿಸಿದ್ದೇನೆ. ಕಣ್ಣು ಮುಚ್ಚಿ ಕೊಟ್ಟರೂ ಕೈಗೆ ಗೊತ್ತಾಗುತ್ತದೆ. ಆದರೆ ಅದರ ಮೂಲ ನಮ್ಮದಲ್ಲ. ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಶುರು ಮಾಡಿದ್ದು. ಅವರು 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡರು. ಅಲ್ಲಿನ ಎಫ್‌ಎನ್ ಕಾರ್ಖಾನೆಯ ಡ್ಯೂಡೊನೆ ಸೈವ್ ಆ ಕೆಲಸ ಮುಗಿಸಿದರು. 1935ರಲ್ಲಿ ಹೈ ಪವರ್ ಅಂತ ಹೊರಬಂತು. 13 ಗುಂಡಿನ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ), ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಅದನ್ನು ಮಾಡಿತು. ನಮ್ಮ 1ಎ ಆ ಕೆನಡಾ ಪಿಸ್ತೂಲಿನ ದಾರಿಯಲ್ಲೇ ಬಂದದ್ದು.

ಹಾಗಾದರೆ ಎಫ್‌ಎನ್ ತಗೊಂಡರೆ ಅಪ್ಪನ ಪಿಸ್ತೂಲು ಸಿಕ್ಕ ಹಾಗೆ ಅಂತ ನಿನಗೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಎಫ್‌ಎನ್ ಹಳೆಯದನ್ನು ನಿಲ್ಲಿಸಿಬಿಟ್ಟಿತ್ತು. 2022ರಲ್ಲಿ ಅದೇ ಹೆಸರಲ್ಲಿ ಬಂದದ್ದು ಹೊಸ ಪಿಸ್ತೂಲು. ಮ್ಯಾಗಜೀನ್‌ಗೆ 17 ಗುಂಡು. ಬಿಚ್ಚುವ ರೀತಿ ಬೇರೆ. ಹಳೆಯ ಮ್ಯಾಗಜೀನ್ ಅದಕ್ಕೆ ಕೂರುವುದಿಲ್ಲ. ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಅಪ್ಪನದಲ್ಲ. ಗಿರ್ಸಾನ್‌ನವರು ಹಳೆಯ ನಕ್ಷೆಯನ್ನೇ ಹಿಡಿದಿದ್ದಾರೆ, ಹಳೆಯ ಹೈ ಪವರ್ ಮ್ಯಾಗಜೀನ್ ಅದಕ್ಕೆ ಆಗುತ್ತದೆ. ಕೈಯಲ್ಲಿ ಹಿಡಿದರೆ ಅಪ್ಪನ ಪಿಸ್ತೂಲಿಗೆ ಹತ್ತಿರ ಅನ್ನಿಸುವುದು ಆ 500 ಡಾಲರಿನದೇ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ನಮ್ಮ 1ಎಯಲ್ಲಿ ಮ್ಯಾಗಜೀನ್ ಹೊರಗೆ ತೆಗೆದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಹೊಸ ಎಫ್‌ಎನ್‌ನಲ್ಲಿ ಆ ಏರ್ಪಾಡು ಇಲ್ಲ. ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿದ್ದರೆ ಹಾರುತ್ತದೆ. ಯಾವುದೇ ತಗೋ, ಮೊದಲು ಮ್ಯಾಗಜೀನ್ ತೆಗೆದು, ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಒಳಗೆ ಕಣ್ಣು ಹಾಯಿಸು, ಆಮೇಲೆ ನಳಿಗೆಯ ಹಿಂಬಾಯಿಗೆ ಬೆರಳು ಹಾಕಿ ನೋಡು.

ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ? ಮೊದಲನೆಯದು, 1935ರ ಪಿಸ್ತೂಲಿಗೆ ಈಗ ಪೇಟೆಂಟ್ ಇಲ್ಲ. ಹೊಸದಾಗಿ ಯೋಚಿಸುವ, ವರ್ಷಗಟ್ಟಲೆ ಪರೀಕ್ಷೆ ಮಾಡುವ ಖರ್ಚು ಉಳಿಯಿತು. ಎರಡನೆಯದು, ಟರ್ಕಿಯಲ್ಲಿ ಕೂಲಿ ಕಡಿಮೆ, ಅವರ ಲಿರಾ ಡಾಲರ್ ಎದುರು ತೀರಾ ಇಳಿದಿದೆ. ಕಬ್ಬಿಣ ಕೊರೆಯುವ ಕಂಪ್ಯೂಟರ್ ಮೆಷಿನ್ ಮಾತ್ರ ಎಲ್ಲ ಕಡೆಯೂ ಒಂದೇ. ಕಪ್ಪು ಸಮುದ್ರದ ದಂಡೆಯ ಆ ಊರುಗಳಲ್ಲಿ ಇದು ದೊಡ್ಡ ಕಸುಬು. ಸಾಮ್ಸುನ್‌ನಲ್ಲಿ ಕ್ಯಾನಿಕ್, ಟ್ರಾಬ್ಜೋನ್‌ನಲ್ಲಿ ಟಿಸಾಸ್, ಗಿರೆಸುನ್‌ನಲ್ಲಿ ಗಿರ್ಸಾನ್. ಕ್ಯಾನಿಕ್‌ನ ಟಿಪಿ9 ಜರ್ಮನಿಯ ವಾಲ್ಥರ್ ಪಿ99 ನೋಡಿ ಮಾಡಿದ್ದು. ಅದರ ಜೊತೆ ಬರುವ ಮ್ಯಾಗಜೀನ್ ಇಟಲಿಯ ಮೆಕ್‌ಗಾರ್ ಕಂಪನಿಯದು. ದೊಡ್ಡ ಹೆಸರಿನ ಎಷ್ಟೋ ಪಿಸ್ತೂಲುಗಳಿಗೂ ಅದೇ ಮೆಕ್‌ಗಾರ್ ಮ್ಯಾಗಜೀನ್ ಮಾಡಿಕೊಡುತ್ತದೆ. ನಳಿಗೆ, ಸ್ಲೈಡ್, ಫ್ರೇಮು, ಈ ಮೂರರಲ್ಲಿ ಈಗ ಒಳ್ಳೆಯ ಟರ್ಕಿ ಪಿಸ್ತೂಲು ಹಿಂದೆ ಬಿದ್ದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ವ್ಯತ್ಯಾಸ ಇರುವುದು ಸಣ್ಣ ಭಾಗಗಳಲ್ಲಿ. ಇದನ್ನು ಈ ಸಲದ ಕೈಲ್ ಪೊಳ್ದ್‌ನಲ್ಲೇ ಕಂಡೆ.

ಅಜ್ಜನ ಜೋಡು ನಳಿಗೆ ಕೋವಿ ನಿನಗೆ ನೆನಪಿದೆಯಲ್ಲ? ಹಬ್ಬದ ಹಿಂದಿನ ದಿನ ಬಿಚ್ಚಿ ಒರೆಸಿದೆ. ನಳಿಗೆಯ ಅಡಿಯಲ್ಲಿ ಮೊಟ್ಟೆಯಾಕಾರದ ಸಣ್ಣ ಮುದ್ರೆ. ಒಳಗೆ ಇ, ಎಲ್, ಜಿ ಅಂತ ಮೂರು ಅಕ್ಷರ. ಲಿಯೇಜ್ ಊರಿನ ಪರೀಕ್ಷಾ ಮುದ್ರೆ ಅದು. ಜಾಸ್ತಿ ಮದ್ದು ತುಂಬಿ ಹೊಡೆದು, ನಳಿಗೆ ತಡೆಯಿತು ಅಂತ ಖಾತ್ರಿಯಾದ ಮೇಲೆ ಒತ್ತುವುದು. ಆ ಕಾಲದಲ್ಲಿ ಲಿಯೇಜ್‌ನಿಂದ ಅಗ್ಗದ ಕೋವಿಗಳು ಲೋಕಕ್ಕೆಲ್ಲ ಹೋಗುತ್ತಿದ್ದವು. ಕೆಲವಕ್ಕೆ ಇಂಗ್ಲಿಷ್ ಹೆಸರನ್ನೂ ಕೆತ್ತಿ ಮಾರುತ್ತಿದ್ದರು. ಇಂಗ್ಲೆಂಡಿನ ಗ್ರೀನರ್, ವೆಬ್ಲಿ ಕೋವಿ ಇದ್ದವರ ಮುಂದೆ ಅಜ್ಜನದು ಬಡವನ ಕೋವಿ. ಆದರೂ ನಾಲ್ಕು ತಲೆಮಾರು ಕಂಡಿದೆ. ಇವತ್ತೂ ನಳಿಗೆಯ ಒಳಗೆ ನೋಡಿದರೆ ಕನ್ನಡಿ.

ಪೂಜೆ ಮುಗಿಯಿತು. ತೋಕ್ ಪೂ (ಕೋವಿ ಹೂವು) ಸಿಕ್ಕಿಸಿದ್ದ ಕೋವಿಗಳನ್ನು ಇಳಿಸಿಕೊಂಡು ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೆ ಹೋದೆವು. ಬಲಗಡೆ ನಳಿಗೆ ಸರಿಯಾಗಿ ಹಾರಿತು. ಎಡಗಡೆಯದು ಟಿಕ್ ಅಂದು ಸುಮ್ಮನಾಯಿತು. ತೋಟಾ ತೆಗೆದು ನೋಡಿದರೆ ಹಿತ್ತಾಳೆ ಮೇಲೆ ಸೂಜಿ ತಾಗಿದಷ್ಟೇ ಗುರುತು. ಹೋದ ವರ್ಷ ಪೇಟೆಯ ಒಂದು ಅಂಗಡಿಯಲ್ಲಿ ತಂದು ಹಾಕಿಸಿದ ಸ್ಪ್ರಿಂಗ್ ಬಲ ಕಳೆದುಕೊಂಡಿತ್ತು. ನೂರು ವರ್ಷದ ಉಕ್ಕಿಗೆ ಏನೂ ಆಗಿಲ್ಲ, ಒಂದು ವರ್ಷದ ಸ್ಪ್ರಿಂಗ್ ಕೈಕೊಟ್ಟಿತು. ಕಾಯಿ ಹೋದದ್ದಕ್ಕೆ ಬೇಜಾರಿಲ್ಲ. ರಾತ್ರಿ ಅಂಗಳಕ್ಕೆ ಆನೆ ಬಂದಾಗ ಹೆದರಿಸಿ ಓಡಿಸಲು ಅದೇ ಕೋವಿ ಬೇಕು, ಅದನ್ನು ನೆನೆದು ಎದೆ ಧಸಕ್ಕೆಂದಿತು.

ಆದ್ದರಿಂದ ನೀನು ಅಂಗಡಿಯವರನ್ನು ಕೇಳಬೇಕಾದ್ದು ಬೇರೆ. ಎಕ್ಸ್‌ಟ್ರ್ಯಾಕ್ಟರ್ (ಖಾಲಿ ತೋಟಾ ಎಳೆದು ತೆಗೆಯುವ ಕೊಕ್ಕೆ), ಸ್ಪ್ರಿಂಗ್, ಫೈರಿಂಗ್ ಪಿನ್ (ತೋಟಾಗೆ ಬಡಿಯುವ ಸೂಜಿ) ಬೇಕಾದರೆ ಅಮೆರಿಕದಲ್ಲೇ ಸಿಗುತ್ತವಾ? ರಿಪೇರಿ ಯಾರು ಮಾಡುತ್ತಾರೆ, ಟರ್ಕಿಯವರಾ, ತರಿಸಿಕೊಂಡ ಕಂಪನಿಯವರಾ? ಆ ಕಂಪನಿ ಮುಂದೆ ಬದಲಾದರೆ ವಾರಂಟಿ ಯಾರದು? ಅಗ್ಗದ ಆಮದು ಮಾಲಿನಲ್ಲಿ ಪೆಟ್ಟು ಬೀಳುವುದು ಇಲ್ಲೇ ಜಾಸ್ತಿ. ಹೆಸರಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಈ ಭರವಸೆಗೆ ಹೋಗುತ್ತದೆ. ಅದು ಸುಳ್ಳು ದುಡ್ಡಲ್ಲ.

ಹಾಗಂತ ದುಬಾರಿಯದು ಯಾವತ್ತೂ ತಪ್ಪುವುದಿಲ್ಲ ಅಂತಲೂ ಅಲ್ಲ. ಬ್ರೆಜಿಲ್‌ನ ಟಾರಸ್ ಪಿಸ್ತೂಲುಗಳ ಒಂಬತ್ತು ಮಾಡೆಲ್ ಕೆಳಗೆ ಬಿದ್ದರೆ ಹಾರಬಹುದು ಅನ್ನುವ ದೂರು ಅಮೆರಿಕದ ಕೋರ್ಟಿಗೆ ಹೋಗಿ ರಾಜಿಯಲ್ಲಿ ಮುಗಿಯಿತು. ಅಗ್ಗದ್ದು, ಹಾಗೇ ಆಗಬೇಕು ಅಂದರು ಜನ. ಆದರೆ 2017ರಲ್ಲಿ ಅಮೆರಿಕದ ಸೈನ್ಯ ಯಾವ ಪಿಸ್ತೂಲಿನ ಮಾದರಿಯನ್ನು ಆರಿಸಿತ್ತೋ ಆ ಸಿಗ್ ಪಿ320ಗೂ ಅದೇ ವರ್ಷ ಅದೇ ದೂರು ಬಂತು. ಕಂಪನಿಯವರು ಜನರಿಂದ ವಾಪಸ್ ತರಿಸಿಕೊಂಡು ಪುಕ್ಕಟೆ ಟ್ರಿಗರ್ ಭಾಗ ಬದಲಾಯಿಸಿಕೊಟ್ಟರು. ಇಲ್ಲಿ ನಮ್ಮ ದೇಶದಲ್ಲಿ ನೋಡು. ಎಂಬತ್ತರ ದಶಕದಲ್ಲಿ ಜನಸಾಮಾನ್ಯರಿಗೆ ಆಮದು ನಿಂತಿತು. ಅದಕ್ಕೂ ಮೊದಲು ಒಳಗೆ ಬಂದ ಹಳೆಯ ಪಿಸ್ತೂಲುಗಳಿಗೆ ಈಗ ಲಕ್ಷಗಟ್ಟಲೆ ಬೆಲೆ. ಅವು ಒಳ್ಳೆಯವು ಅಂತಲ್ಲ, ಹೊರದೇಶದ್ದು ಬೇರೆ ಸಿಗುವುದಿಲ್ಲ ಅಂತ.

ನನ್ನ ಮಾತು ಕೇಳುವುದಾದರೆ ಗಿರ್ಸಾನ್ ತಗೋ. ತಗೊಳ್ಳುವ ಮೊದಲು ಖಾಲಿ ಅಂತ ಖಾತ್ರಿ ಮಾಡಿಕೊಂಡು ಸ್ಲೈಡ್ ಬಿಚ್ಚಿಸು. ಗುಂಡು ನಳಿಗೆಗೆ ಹತ್ತುವ ಇಳಿಜಾರಿನ ಮೇಲೆ ಉಗುರು ಎಳೆದು ನೋಡು, ಎಲ್ಲೂ ತಡೆಯಬಾರದು. ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಅಂಚು ಚೂಪಾಗಿ, ಪೂರ್ತಿಯಾಗಿ ಇರಬೇಕು. ಒಂದು ಜೊತೆ ಸ್ಪ್ರಿಂಗ್, ಎರಡು ಒಳ್ಳೆಯ ಮ್ಯಾಗಜೀನ್ ಅವತ್ತೇ ತಗೊಂಡುಬಿಡು. ಉಳಿದ ದುಡ್ಡಲ್ಲಿ ಬೀಗದ ಪೆಟ್ಟಿಗೆ ಮೊದಲು, ಮನೆಯಲ್ಲಿ ಮಗಳಿದ್ದಾಳೆ. ಆಮೇಲೆ ಗುಂಡು. 9 ಎಂಎಂ ಒಂದಕ್ಕೆ 25–30 ಸೆಂಟ್ ಅಂದರೂ 500 ಗುಂಡಿಗೆ 150 ಡಾಲರ್ ಒಳಗೇ ಆಗುತ್ತದೆ. ಅಷ್ಟನ್ನೂ ರೇಂಜ್‌ನಲ್ಲಿ ಹೊಡೆ, ಎಲ್ಲಿ ಸಿಕ್ಕಿಕೊಂಡಿತು ಅಂತ ಪುಸ್ತಕದಲ್ಲಿ ಬರೆದಿಡು. ಮೊದಲ ನೂರರಲ್ಲಿ ಒಂದೆರಡು ಸಲ ತಡೆದರೆ ಚಿಂತೆ ಬೇಡ. ಕೊನೆಯ ಇನ್ನೂರರಲ್ಲಿ ಒಂದು ಸಲ ತಡೆದರೂ ವಾಪಸ್ ಕಳಿಸು, ಮನೆಯ ಕಾವಲಿಗೆ ಅದನ್ನು ನಂಬಬೇಡ.

ಮೊನ್ನೆ ನಿನ್ನ ಅವ್ವನನ್ನು ನೋಡಿ ಬಂದೆ. ಗೋಡೆಯ ಮೇಲಿನ ಅಪ್ಪನ ಫೋಟೋ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚರ್ಮದ ಹೋಲ್ಸ್ಟರಿನ ಅಂಚಿನಲ್ಲಿ ಪಿಸ್ತೂಲಿನ ಹಿಡಿ, ಅದರ ಹಿಂದೆ ಕಟ್ಟಿದ ಹಗ್ಗ, ಎರಡೂ ಚೆನ್ನಾಗಿ ಕಾಣುತ್ತವೆ. ಫೋನಿನಲ್ಲಿ ತೆಗೆದು ಇದರ ಜೊತೆ ಕಳಿಸಿದ್ದೇನೆ. ಅಂಗಡಿಗೆ ಹೋಗುವಾಗ ಜೊತೆಯಲ್ಲಿಟ್ಟುಕೋ.

ಇಂತಿ ನಿನ್ನ ಗೆಳೆಯ,
ವಿರಾಜಪೇಟೆ